ಮುಂದಿನ ಮೂಲೆ

ಶವಪೆಟ್ಟಿಗೆ ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತ್ತು. ಆಫೀಸಿನ ದೊಡ್ಡ ಸಾಹೇಬರು ಮುಂದಿನ ಮೂಲೆಗೇ ಹೆಗಲು ಕೊಟ್ಟು, ಎತ್ತುವುದನ್ನು ಬಿಟ್ಟು ಹೇಗೆ ಎತ್ತಬೇಕೆಂದು ಹೇಳುತ್ತಿದ್ದರು.

"ಎಷ್ಟು ದೊಡ್ಡ ಮನುಷ್ಯರು ಅತ್ತಿಗೆ! ಅಣ್ಣನಿಗೆ ಹೆಗಲು ಕೊಡ್ತಿದಾರಲ್ಲ," ಎಂದು ನಾದಿನಿ ಕಣ್ಣೊರೆಸಿಕೊಂಡಳು.

"ಕೊಡಲಿ ಬಿಡು. ಮುಂದೆ ನಿಂತೇ ಅಭ್ಯಾಸ. ಹಿಂದೆ ನಿಲ್ಲಿಸಿದ್ರೆ ಪಾಪ, ಉಸಿರು ಕಟ್ಟೀತು," ಎಂದಳು ಸತ್ತವನ ಹೆಂಡತಿ.

ಪೆಟ್ಟಿಗೆಯನ್ನು ಅಂಗಳದಲ್ಲಿಳಿಸಿ ಸಾಹೇಬರು ಗಂಟಲು ಸರಿಮಾಡಿಕೊಂಡರು. "ನಾನು ಆ ನಕ್ಷತ್ರ ಕಂಡಾಗ ಇವರೂ ನನ್ನ ಜೊತೆಗಿದ್ದರು..."

ಇವರೂ! ಅವಳಿಗೆ ಮೈಯೆಲ್ಲ ಉರಿಯಿತು.

* * *

ಗಂಡನ ಕೆಲಸ ಅವಳಿಗೆ ಅರ್ಥವಾದದ್ದು ಇಷ್ಟು: ಆಸ್ಪತ್ರೆಯಲ್ಲಿ ಎಲುಬು ತೋರಿಸುವ ಎಕ್ಸ್‌ರೇ ಇದೆಯಲ್ಲ, ಅಂಥದೇ ಬೆಳಕನ್ನು ಕೆಲವು ನಕ್ಷತ್ರಗಳು ಇದ್ದಕ್ಕಿದ್ದಂತೆ ಕಾರುತ್ತವೆ, ಕೆಲವು ದಿನ ಉರಿದು ಆರಿಹೋಗುತ್ತವೆ. ಉಪಗ್ರಹ ಕಳಿಸಿದ ಚಿತ್ರಗಳಲ್ಲಿ ಅದನ್ನು ಹುಡುಕಿ, ಆರುವ ಮುಂಚೆ ಜಗತ್ತಿಗೆಲ್ಲ ಕೂಗಿ ಹೇಳಬೇಕು. ಉಳಿದವರೂ ಅತ್ತ ಕಣ್ಣು ತಿರುಗಿಸಬೇಕಲ್ಲ.

ಅಂಥದೊಂದು ಸಿಕ್ಕ ದಿನ ಅವನು ತಟ್ಟೆಯ ಮುಂದೆ ಅನ್ನ ಕಲಸುತ್ತಲೇ ಕೂತಿದ್ದ.

"ಕೂಗಿದ್ರಾ?"

"ಸಾಹೇಬರು ಕಾಯೋಣ ಅಂದ್ರು. ಯಂತ್ರದ ದೋಷ ಇರಬಹುದಂತೆ."

"ನಿಮಗೇನನ್ಸತ್ತೆ?"

"ನಕ್ಷತ್ರವೇ."

"ಮತ್ತೆ ಬಾಯಿಗೇನು ಬೀಗ ಬಿದ್ದಿತ್ತಾ?"

ಅವನು ತಲೆ ತಗ್ಗಿಸಿ ತುತ್ತು ನುಂಗಿದ.

ಸಾಹೇಬರು ಕಾದರು. ಬೇರೆ ದೇಶದವರು ಕೂಗಿಬಿಟ್ಟರು. ಆಮೇಲೆ ಸಾಹೇಬರು ಟೀವಿಯಲ್ಲಿ ಕೂತು, ತಾನು ಮೊದಲೇ ಕಂಡಿದ್ದೆ ಎಂದರು. ಗಂಡ ಟೀವಿಯ ಮುಂದೆ ಕೂತು ತಲೆಯಾಡಿಸಿದ. ಅಂದಿನಿಂದ ಅವಳಿಗೆ ಸಾಹೇಬರ ಮೇಲೆ ಹೇಸಿಗೆ. ಗಂಡನ ಮೇಲೆ ಅದಕ್ಕಿಂತ ಒಂದು ಹಿಡಿ ಹೆಚ್ಚೇ.

* * *

"ಸಾಹೇಬರೇ, ಅದು ಮೊದಲು ಕಂಡಿದ್ದು ಯಾರಿಗೆ? ಇವತ್ತಾದ್ರೂ ಹೇಳಿಬಿಡಿ," ಎಂದಳು.

"ಅಮ್ಮಾ, ಅದೆಲ್ಲ ಎಲ್ಲರೂ ಸೇರಿ ಮಾಡೋ ಕೆಲಸ..."

"ಹೆಣ ಹೊರೋದೂ ಹಾಗೇ. ನಾನೊಬ್ಬನೇ ಹೊತ್ತೆ ಅಂತ ನಾಳೆ ಟೀವೀಲಿ ಹೇಳ್ಬೇಡಿ."

ನಾದಿನಿ ತೋಳು ಜಗ್ಗಿದಳು. ಪೆಟ್ಟಿಗೆ ಮತ್ತೆ ಹೆಗಲೇರಿ ಬೀದಿಗೆ ಬಂತು. ಅಷ್ಟರಲ್ಲಿ ಆಫೀಸಿನವರ ಜೇಬುಗಳೆಲ್ಲ ಒಟ್ಟಿಗೇ ಗುಂಯ್‌ಗುಟ್ಟಿದವು. ಉಪಗ್ರಹದ ಸಂದೇಶ: ಆಕಾಶದಲ್ಲಿ ಹೊಸದೊಂದು ಹೊತ್ತಿಕೊಂಡಿತ್ತು. ಸಾಹೇಬರು ಹೆಗಲು ಜಾರಿಸಿ ಫೋನು ಹಿಡಿದರು. ಪೆಟ್ಟಿಗೆ ವಾಲಿತು. ಅವಳು ಓಡಿಹೋಗಿ ಆ ಮೂಲೆಗೆ ಹೆಗಲೊಡ್ಡಿದಳು.

"ಸಾರ್, ಕೂಗಿಬಿಡೋಣ್ವಾ?" ಎಂದ ಹಿಂದಿನ ಮೂಲೆ ಹೊತ್ತಿದ್ದವನು. ಗಂಡನ ಪಕ್ಕದ ಮೇಜಿನವನು ಅವನು.

"ಕಾಯೋಣ. ಯಂತ್ರದ ದೋಷ ಇರಬಹುದು."

ಅವಳು ಕತ್ತು ತಿರುಗಿಸದೆ ಕೇಳಿದಳು: "ನಿಂಗೇನನ್ಸತ್ತಪ್ಪ?"

"ನಕ್ಷತ್ರವೇ, ಅಮ್ಮ."

"ಮತ್ತಿನ್ನೇನು, ಕೂಗು."

ಅವನು ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಜಗತ್ತಿಗೆ ಕಳಿಸುವ ಸುದ್ದಿಯನ್ನು ಫೋನಿನಲ್ಲಿ ಒತ್ತತೊಡಗಿದ. ಪೆಟ್ಟಿಗೆ ತಿರುವು ದಾಟಿತು. ಹಿಂದೆ, ಬೀದಿಯ ನಡುವೆ, ಸಾಹೇಬರು ಬಿಸಿಲಿಗೆ ಕೈ ಮರೆಮಾಡಿಕೊಂಡು ಫೋನಿನೊಳಗೆ ಇಣುಕುತ್ತಲೇ ಇದ್ದರು.