ಹಿಮದಲ್ಲಿ ನಿಂತವನು

ತಮ್ಮನ ಕೋಣೆಯಲ್ಲಿ ಕಿತ್ತಳೆ ಬಣ್ಣದ ಒಂದು ಸಣ್ಣ ದೀಪ ವರ್ಷದಿಂದ ಉರಿಯುತ್ತಲೇ ಇತ್ತು. ಅದು ಅವನ ವಿಡಿಯೋ ಆಟದ ಮೆಷಿನ್ನಿನ ದೀಪ. ಅವನು ಹೋದ ಮೇಲೆ ಹಾಸಿಗೆ ಸುತ್ತಿಟ್ಟದ್ದಾಯಿತು, ಔಷಧಿ ಡಬ್ಬಿಗಳನ್ನು ಎಸೆದದ್ದಾಯಿತು, ಅಂಗಿಗಳನ್ನು ಕೊಡಬೇಕಾದವರಿಗೆ ಕೊಟ್ಟದ್ದಾಯಿತು. ಆ ಪ್ಲಗ್ಗು ಕೀಳುವುದಕ್ಕೆ ಮಾತ್ರ ಅಕ್ಕನ ಕೈಯೂ ಬರಲಿಲ್ಲ, ಅಮ್ಮನ ಕೈಯೂ ಬರಲಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಅದರೊಳಗಿನ ಫ್ಯಾನು ಗುಂಯ್ ಎಂದು ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿತ್ತು. ಅಡುಗೆಮನೆಯಲ್ಲಿದ್ದ ಅಮ್ಮ ಆಗೆಲ್ಲ, "ಎದ್ದ ನೋಡು," ಎಂದುಬಿಡುತ್ತಿದ್ದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಅಕ್ಕನ ಕೆಲಸ ಹಲ್ಲಿನ ಲ್ಯಾಬಿನಲ್ಲಿ. ಡಾಕ್ಟರುಗಳು ಕಳಿಸುವ ಅಚ್ಚುಗಳಿಗೆ ಪ್ಲಾಸ್ಟರು ಸುರಿದು ದವಡೆ ಎರಕ ಹೊಯ್ಯುವುದು, ಅದರ ಮೇಲೆ ಮೇಣದಲ್ಲಿ ಹಲ್ಲು ತಿದ್ದುವುದು. ಊರವರ ಮುಖ ಅವಳಿಗೆ ಅಷ್ಟಾಗಿ ಗೊತ್ತಿಲ್ಲ, ಬಾಯಿ ಗೊತ್ತು. ತಮ್ಮ ಲಿಫ್ಟು ರಿಪೇರಿಯವನಾಗಿದ್ದ. ಇಬ್ಬರಿಗೂ ಆಟದ ಹುಚ್ಚು, ಇಬ್ಬರೂ ಆಡುತ್ತಿದ್ದದ್ದು ಅವನ ಮೆಷಿನ್ನಿನಲ್ಲೇ. ಆದರೆ ರುಚಿಯ ವಿಷಯಕ್ಕೆ ಬಂದರೆ ಎಣ್ಣೆ ಸೀಗೇಕಾಯಿ.

ಅಕ್ಕನಿಗೆ ಜಪಾನಿನವರು ಮಾಡಿದ ಆಟಗಳು ಇಷ್ಟ. ಅವುಗಳಲ್ಲಿ ಕತೆ ಮೊದಲೇ ಬರೆದಿಟ್ಟದ್ದು. ನಾಯಕ ಇವನೇ, ಜೊತೆಗಾರರು ಇವರೇ, ಅಳಬೇಕಾದ ಜಾಗ ಇದೇ. ಹೊಡೆದಾಟದಲ್ಲೂ ಸರದಿ ಉಂಟು, ಮೊದಲು ನೀನೊಂದು ಏಟು, ಆಮೇಲೆ ಅವನೊಂದು ಏಟು. ದಾರಿಯಲ್ಲಿ ಅಲ್ಲಲ್ಲಿ ನೀಲಿ ದೀಪದ ಕಂಬ ಇರುತ್ತದೆ. ಅದನ್ನು ಮುಟ್ಟಿದರೆ ಮಾತ್ರ ಆಟ ಸೇವ್ ಆಗುತ್ತದೆ, ಮುಟ್ಟದಿದ್ದರೆ ಎಷ್ಟು ಅಲೆದರೂ ಅಲೆಯಲಿಲ್ಲವೆಂದೇ ಲೆಕ್ಕ. ತಮ್ಮನಿಗೆ ಪಶ್ಚಿಮದವರ ಆಟಗಳು. ಅಲ್ಲಿ ಮುಖದಿಂದ ಹಿಡಿದು ಹಣೆಬರಹದವರೆಗೆ ಎಲ್ಲ ನಮ್ಮದೇ. ಬೆಟ್ಟ ಕಂಡರೆ ಹತ್ತು, ಬಾಗಿಲು ಕಂಡರೆ ನುಗ್ಗು, ರಾಜ ಹೇಳಿದ ಕೆಲಸ ಬಿಟ್ಟು ಮೂರು ತಿಂಗಳು ಮೀನು ಹಿಡಿಯುತ್ತ ಕೂರು, ಕೇಳುವವರಿಲ್ಲ.

"ನಿಂದು ಆಟ ಅಲ್ಲ ಕಣೇ, ರೈಲು," ಎನ್ನುತ್ತಿದ್ದ ತಮ್ಮ. "ಯಾರೋ ಹಳಿ ಹಾಕಿದ್ದಾರೆ. ನೀನು ಕಿಟಕಿ ಪಕ್ಕ ಕೂತು ಅಳ್ತೀಯ."

"ನಿಂದು ಬಿಡಾಡಿ ದನ. ನಾನೂರು ಗಂಟೆ ಆಡಿ ಏನು ಕಿಸಿದೆ? ಕಂಡೋರ ಮನೆಗೆ ನುಗ್ಗಿ ಎಲೆಕೋಸು ಕದ್ದೆ."

"ಸ್ವಾತಂತ್ರ್ಯ ಕಣಕ್ಕಾ, ಸ್ವಾತಂತ್ರ್ಯ!"

"ಎಲೆಕೋಸಿನ ಸ್ವಾತಂತ್ರ್ಯ."

ಅಮ್ಮ ಇಬ್ಬರ ನಡುವೆ ಕೂತು ಬಟಾಣಿ ಬಿಡಿಸುತ್ತ ಪರದೆ ನೋಡುತ್ತಿದ್ದಳು. ಅವಳಿಗೆ ಎರಡು ಪಂಗಡವೂ ಒಂದೇ, ಕನಿಕರ ಮಾತ್ರ ಎಲ್ಲರ ಮೇಲೂ. "ಪಾಪ ಕಣೇ, ಆ ರಾಕ್ಷಸ ಆಗ್ಲಿಂದ ಕತ್ತಿ ಎತ್ಕೊಂಡು ನಿಂತಿದ್ದಾನೆ. ಅವನಿಗೂ ಕೈ ನೋಯಲ್ವಾ? ಬೇಗ ಏನಾದ್ರೂ ಒತ್ತು."

ತಮ್ಮ ಕೊನೆಯ ಆಟ ಶುರು ಮಾಡಿದ ದಿನ ತನ್ನದೇ ಮುಖ ಮಾಡಿಕೊಳ್ಳಲು ಹೊರಟು, ಗಲ್ಲದ ಹತ್ತಿರ ಬಂದು ಸೋತು ಅಕ್ಕನನ್ನು ಕರೆದಿದ್ದ. "ದವಡೆ ನಿನ್ನ ಇಲಾಖೆ. ನೀನೇ ಮಾಡು." ಅವಳು ಅರ್ಧ ಗಂಟೆ ಕೂತು, ಎಡಕ್ಕೆ ಕೂದಲೆಳೆಯಷ್ಟು ವಾಲಿದ ಅವನ ಗಲ್ಲವನ್ನು ಹಾಗೆಯೇ ತಂದಿದ್ದಳು. ಅವನು ದಂಗಾಗಿದ್ದ. "ಎಲಾ ಇವಳ! ನಾನೇ ಕಣೇ. ಆದ್ರೆ ಇವನು ನನಗಿಂತ ಗಟ್ಟಿಮುಟ್ಟಾಗಿದ್ದಾನೆ."

ಆಗಲೇ ಅವನ ಎದೆಯ ತೊಂದರೆ ಗೊತ್ತಾಗಿತ್ತು. ಏಣಿ ಹತ್ತಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಮನೆಯಲ್ಲಿ ಕೂರಿಸಿದ್ದರು. ಅದೇ ದಿನಗಳಲ್ಲಿ ಒಂದು ಜಗಳವೂ ಆಯಿತು. ಅಕ್ಕನ ಮೆಚ್ಚಿನ ಜಪಾನಿ ಆಟದಲ್ಲಿ ಗಾಯ ಮಾಯಿಸುವ ಹುಡುಗಿಯೊಬ್ಬಳಿದ್ದಾಳೆ. ಆಡಲು ಕೂತ ಹತ್ತನೇ ಗಂಟೆಯ ಹೊತ್ತಿಗೆ ಗಡಿಯಾರದ ಗೋಪುರದಲ್ಲಿ ಎಲ್ಲರೂ ತಪ್ಪಿಸಿಕೊಳ್ಳಲಿ ಎಂದು ಅವಳೊಬ್ಬಳೇ ಬಾಗಿಲು ಹಿಡಿದು ನಿಂತು ಸಾಯುತ್ತಾಳೆ. ಅಕ್ಕ ಎರಡು ದಿನ ಅತ್ತಿದ್ದಳು.

"ನಿನಗೆ ಆಡೋಕೆ ಬರಲಿಲ್ಲ ಅಷ್ಟೇ," ಎಂದಿದ್ದ ತಮ್ಮ. "ಅವಳ ಬಲ ಬೆಳೆಸಿದ್ರೆ ಉಳೀತಿದ್ಲು."

"ಬಲದ ಮಾತಲ್ಲ ಕಣೋ. ಕತೆ. ಬರೆದಾಗಿದೆ."

"ಬರೆದಾಗಿದೆ ಅಂತೆ! ಡಾಕ್ಟ್ರ ಥರ ಮಾತಾಡ್ಬೇಡ."

ಅವನೇ ನಕ್ಕು ರಾಜಿ ಮಾಡಿಕೊಂಡ. "ಅದಲು ಬದಲು ಮಾಡೋಣ. ನಾನು ನಿನ್ನ ರೈಲು ಹತ್ತೀನಿ, ನೀನು ನನ್ನ ಬೆಟ್ಟ ಹತ್ತು. ಮಾತು ಕೊಡು." ಆಯ್ತಪ್ಪಾ, ಈ ತಿಂಗಳ ಕೆಲಸ ಮುಗೀಲಿ, ಎಂದಳು ಅಕ್ಕ. ತಿಂಗಳು ಮುಗಿಯುವಷ್ಟರಲ್ಲಿ ಅವನೇ ಮುಗಿದಿದ್ದ.

ಕೊಟ್ಟ ಮಾತು ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ ವರ್ಷವಿಡೀ ಕೂತಿತ್ತು. ಕೊನೆಗೊಂದು ಭಾನುವಾರ ಮಧ್ಯಾಹ್ನ ಅವಳು ಉದ್ದಣ್ಣನನ್ನು ಕರೆಸಿದಳು. ಉದ್ದಣ್ಣ ತಮ್ಮನ ಜೊತೆ ಲಿಫ್ಟು ಬಿಚ್ಚುತ್ತಿದ್ದವನು. ಎಲ್ಲ ಬಾಗಿಲಿಗೂ ತಲೆ ಬಗ್ಗಿಸಿ ಬಗ್ಗಿಸಿ ಬೆನ್ನು ಗೂನಾದವನು. ಆಟದಲ್ಲೂ ತಮ್ಮನ ಪಂಗಡವೇ. ಬಂದವನು ಪ್ಲಗ್ಗಿಗೆ ಕೈ ಹಚ್ಚದೆ, ಮೆಷಿನ್ನಿನ ಫ್ಯಾನಿನ ಧೂಳು ಊದಿ, ಟೀವಿಗೆ ಜೋಡಿಸಿ ಕೊಟ್ಟ.

ತಮ್ಮನ ಆಟ ಹಾಕಿದರೆ ಪರದೆಯ ಮೇಲೆ ಮೂರೇ ಮೂರು ಸೇವ್‌ಗಳು. ಒಂದೊಂದಕ್ಕೂ ಒಂದು ಸಣ್ಣ ಚಿತ್ರ, ಒಂದು ತಾರೀಕು. ಹಳೆಯದರಲ್ಲಿ ಒಂದು ಛತ್ರ. ನಡುವಿನದರಲ್ಲಿ ಒಂದು ಗವಿ. ಎಲ್ಲಕ್ಕಿಂತ ಹೊಸದರಲ್ಲಿ ಬರೀ ಬಿಳುಪು, ಹಿಮ ಬೀಳುತ್ತಿರುವ ಒಂದು ಅಂಗಳ. ಅದರ ತಾರೀಕು, ಅವನನ್ನು ಆಸ್ಪತ್ರೆಗೆ ಕರೆದೊಯ್ದ ದಿನದ್ದು.

"ಅಕ್ಕೋರೇ, ನೀವು ನೋಡ್ತಿರಿ. ನಾನು ಅಮ್ಮಾವ್ರ ಕೈಯಿಂದ ಟೀ ಇಸ್ಕೊಂಡು ಬರ್ತೀನಿ," ಎಂದು ಉದ್ದಣ್ಣ ತಲೆ ಬಗ್ಗಿಸಿ ಹೊರಗೆ ಹೋದ.

ಹೊಸದನ್ನು ಮುಟ್ಟಲು ಅಕ್ಕನಿಗೆ ಧೈರ್ಯ ಬರಲಿಲ್ಲ. ಮೊದಲಿನಿಂದ ಶುರು ಮಾಡೋಣ ಎಂದು ಛತ್ರವನ್ನು ತೆರೆದಳು. ತಮ್ಮ ಬೆನ್ನು ತೋರಿಸಿ ನಿಂತಿದ್ದ. ಉಸಿರಾಡುತ್ತಿದ್ದ. ಅವಳು ಗುಂಡಿ ಒತ್ತುವುದನ್ನೇ ಮರೆತು ಕೂತಿದ್ದಾಗ, ಮುಟ್ಟದೆ ಬಿಟ್ಟ ಆಟದ ನೋಟ ತಾನಾಗಿಯೇ ಮೆಲ್ಲಗೆ ಅವನ ಸುತ್ತ ತಿರುಗಿತು. ಅವನ ಕಿವಿ ಬಂತು, ಕೆನ್ನೆ ಬಂತು, ಎಡಕ್ಕೆ ವಾಲಿದ ಗಲ್ಲ ಬಂತು. ಅವನು ಅವಳನ್ನೇ ನೋಡುತ್ತಿದ್ದ. ಅವಳು ಗಾಬರಿಯಿಂದ ಗುಂಡಿ ಒತ್ತಿದಳು. ಅವನು ತಿರುಗಿ, ಬಾಗಿಲು ದೂಡಿ ಬೀದಿಗೆ ಬಂದ. ಮೂಲೆಯಲ್ಲಿ ಬಿಳಿಯ ಸಣ್ಣ ಚಕ್ರವೊಂದು ತಿರುಗಿ ಮಾಯವಾಯಿತು. ಅವಳು ಅದನ್ನು ಲೆಕ್ಕಕ್ಕಿಡಲಿಲ್ಲ. ನೀಲಿ ದೀಪ ಎಲ್ಲೂ ಇಲ್ಲವಲ್ಲ, ತಾನು ನಡೆದದ್ದೆಲ್ಲ ನಡೆಯದ ಹಾಗೇ, ಎಂದುಕೊಂಡು ನಿಶ್ಚಿಂತೆಯಿಂದ, ಪಟ್ಟಿಯನ್ನು ಸರಿಯಾಗಿ ನೋಡದೆಯೇ, ಆಮೇಲೆ ಗವಿಯನ್ನೂ ತೆರೆದಳು. ಗವಿಯ ಬಾಗಿಲನ್ನೂ ದಾಟಿದಳು. ಮತ್ತೆ ಆ ಚಕ್ರ.

ಟೀ ಲೋಟ ಹಿಡಿದು ಬಂದ ಉದ್ದಣ್ಣ ಬಾಗಿಲಲ್ಲೇ ನಿಂತ. "ಅಕ್ಕೋರೇ, ಎಷ್ಟು ಬಾಗ್ಲು ದಾಟಿದ್ರಿ?"

"ಎರಡು. ಯಾಕೆ? ನಾನೇನೂ ಸೇವ್ ಮಾಡಿಲ್ವಲ್ಲ."

"ಅಯ್ಯೋ ನನ್ನ ಕರ್ಮವೇ! ಇದು ನಿಮ್ಮ ಜಪಾನಿನೋರ ಆಟ ಅಲ್ಲ ಅಕ್ಕೋರೇ. ಇಲ್ಲಿ ಬಾಗ್ಲು ದಾಟಿದ್ರೆ ತಾನಾಗೇ ಸೇವ್ ಆಗುತ್ತೆ. ಇರೋದು ಮೂರೇ ಜಾಗ. ಹೊಸದು ಬಂದಾಗೆಲ್ಲ ಹಳೇದು ಅಳಿಸಿ ಹೋಗುತ್ತೆ."

ಪಟ್ಟಿಗೆ ಹಿಂತಿರುಗಿ ನೋಡಿದರೆ ತಮ್ಮನ ಛತ್ರವೂ ಇಲ್ಲ, ಗವಿಯೂ ಇಲ್ಲ. ಅವುಗಳ ಜಾಗದಲ್ಲಿ ಇವತ್ತಿನ ತಾರೀಕಿನ ಎರಡು ಚಿತ್ರಗಳು. ಹಿಮದ ಅಂಗಳವೊಂದೇ ಉಳಿದಿತ್ತು.

"ಅದನ್ನ ಬೇರೆ ಕಡೆ ನಕಲು ಮಾಡಿಡೋಕೆ ಆಗಲ್ವಾ?"

"ಆಗಲ್ಲ. ಅವನು ಆಡ್ತಿದ್ದದ್ದು ಭಾಳ ಕಷ್ಟದ ಬಗೆ. ಅದರಲ್ಲಿ ನಮ್ಮ ಕೈಯಾರೆ ಸೇವ್ ಮಾಡೋಕೇ ಬಿಡಲ್ಲ. 'ಜೀವನದಲ್ಲಿ ಸೇವ್ ಇದ್ಯೇನೋ ಉದ್ದ' ಅಂತ ನನಗೇ ಗೇಲಿ ಮಾಡ್ತಿದ್ದ." ಉದ್ದಣ್ಣ ಟೀ ಕುಡಿಯಲೇ ಇಲ್ಲ. "ಇನ್ನೊಂದು ಬಾಗ್ಲು ದಾಟಿದ್ರೆ ಅವನದು ಅಂತ ಏನೂ ಇರಲ್ಲ. ಮುಟ್ಬೇಡಿ. ಹಾಗೇ ಇರ್ಲಿ."

ಎರಡು ವಾರ ಅವಳು ಆ ಕೋಣೆಗೆ ಹೋಗಲಿಲ್ಲ. ಲ್ಯಾಬಿನಲ್ಲಿ ಮೇಣ ತಿದ್ದುವಾಗ ಯಾರದೋ ಕೋರೆಹಲ್ಲನ್ನು ಎರಡು ಸಲ ಕೆಡಿಸಿದಳು. ಪ್ಲಾಸ್ಟರಿನ ಬಿಳಿ ಪುಡಿ ಮೇಜಿನ ಮೇಲೆ ಉದುರಿದಾಗೆಲ್ಲ ಆ ಅಂಗಳ ಕಣ್ಣಿಗೆ ಕಟ್ಟುತ್ತಿತ್ತು. ತಮ್ಮ ಅಲ್ಲಿ ನಿಂತಿದ್ದಾನೆ. ಯಾರಾದರೂ ಗುಂಡಿ ಒತ್ತಲಿ ಎಂದು ಕಾಯುತ್ತಿದ್ದಾನೆ. ಒತ್ತಿದರೆ ಅವನು ಇಲ್ಲ. ಒತ್ತದಿದ್ದರೆ ಕೊಟ್ಟ ಮಾತು ಇಲ್ಲ.

ಮೂರನೇ ಭಾನುವಾರ ಮನಸ್ಸು ತಡೆಯದೆ, ಅವನ ಆಟ ಬೇಡ, ನನ್ನದನ್ನಾದರೂ ನೋಡೋಣ ಎಂದು ಆ ಕೋಣೆಗೆ ಹೋಗಿ ಅದೇ ಮೆಷಿನ್ನಿನಲ್ಲಿ ತನ್ನ ಜಪಾನಿ ಆಟ ಹಾಕಿದಳು. ಅದನ್ನು ಆಡಿ ಮುಗಿಸಿ ಬಹಳ ಕಾಲವಾಗಿತ್ತು. ಅವಳದು ಯಾವಾಗಲೂ ಒಂದೇ ಸೇವ್, ಅರವತ್ತೊಂದು ಗಂಟೆಯದು. ಈಗ ಅದರ ಕೆಳಗೆ ಇನ್ನೊಂದು ಇತ್ತು.

ಆಡಿದ್ದು ಎಂಬತ್ತೆರಡು ಗಂಟೆ. ಜಾಗ: ಗಡಿಯಾರದ ಗೋಪುರದ ಮೆಟ್ಟಿಲು.

ಹತ್ತು ಗಂಟೆಯಲ್ಲಿ ತಲುಪುವ ಜಾಗ ಅದು. ಅವಳು ತೆರೆದಳು. ನೀಲಿ ದೀಪದ ಕಂಬದ ಕೆಳಗೆ ನಾಲ್ಕು ಮಂದಿ ನಿಂತಿದ್ದರು. ಪಟ್ಟಿ ತೆಗೆದು ನೋಡಿದರೆ ಮೂವರ ಬಲ ಹನ್ನೆರಡು, ಹದಿಮೂರು. ಗಾಯ ಮಾಯಿಸುವ ಹುಡುಗಿಯದು ತೊಂಬತ್ತೊಂಬತ್ತು, ಅದಕ್ಕಿಂತ ಮೇಲೆ ಆ ಆಟದಲ್ಲಿ ಸಂಖ್ಯೆಯೇ ಇಲ್ಲ. ಎಪ್ಪತ್ತು ಗಂಟೆ ಅವನು ಆ ಮೆಟ್ಟಿಲಿನ ಆಸುಪಾಸಿನಲ್ಲೇ ಸುತ್ತಿ, ಸಿಕ್ಕ ಸಣ್ಣಪುಟ್ಟ ಪ್ರಾಣಿಗಳನ್ನೆಲ್ಲ ಸರದಿ ಪ್ರಕಾರ ಹೊಡೆದು, ಒಬ್ಬಳನ್ನೇ ಬೆಳೆಸಿದ್ದ. ಸರದಿಗೆ ಕಾಯುವುದೆಂದರೆ ಮೈಯೆಲ್ಲ ಉರಿಯುತ್ತಿದ್ದವನು! ಬಲ ಬೆಳೆದರೆ ಬದುಕುತ್ತಾಳೆ ಎಂದು ನಂಬಿದ್ದ. ಪಶ್ಚಿಮದವರ ಆಟ ಆಡಿದವನು ಮಾತ್ರ ನಂಬುವ ಮಾತು ಅದು. ಅಷ್ಟು ಬೆಳೆಸಿಯೂ ಬಾಗಿಲಿನಾಚೆ ಕಾಲಿಟ್ಟಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಅವನಿಗೂ ಅನುಮಾನ ಬಂದಿರಬೇಕು.

ಆ ಆಟದಲ್ಲಿ ಜೊತೆಗಾರರ ಹೆಸರು ಬದಲಿಸಬಹುದು. ಹುಡುಗಿಯ ಹೆಸರಿದ್ದಲ್ಲಿ ಅವನು ಬರೆದಿದ್ದ: ಅಕ್ಕ.

ಕಿಟಕಿಯ ಬಿಸಿಲು ಹಾಸಿಗೆಯ ಸುರುಳಿಯಿಂದ ಗೋಡೆಗೆ ಸರಿಯಿತು. ಆಮೇಲೆ ಅವಳು, ಆ ಮೆಟ್ಟಿಲಿನಿಂದ ಒಂದು ಹೆಜ್ಜೆಯೂ ಸರಿಸದೆ ಆಟ ಮುಚ್ಚಿ, ತಮ್ಮನದನ್ನು ಹಾಕಿ, ಹಿಮದ ಅಂಗಳವನ್ನು ತೆರೆದಳು.

ಗಾಳಿಯ ಸದ್ದು ಕೇಳಿ ಅಮ್ಮ ಬಟಾಣಿ ಬುಟ್ಟಿ ಸಮೇತ ಬಂದು ಪಕ್ಕದಲ್ಲಿ ಕೂತಳು. ತಮ್ಮ ಒಂದು ಮರದ ಮನೆಯ ಮುಂದೆ, ಬಾಗಿಲಿಗೆ ಮುಖ ಮಾಡಿ ನಿಂತಿದ್ದ. ತಲೆಯ ಮೇಲೆ, ಭುಜದ ಮೇಲೆ ಹಿಮ ಕೂತಿತ್ತು. ಕಿಟಕಿಯೊಳಗೆ ಬೆಂಕಿಯ ಬೆಳಕು.

"ಅವನೇ ಅಲ್ವೇನೇ?"

"ಹೂಂ ಅಮ್ಮ."

"ಯಾವಾಗಿಂದ ನಿಂತಿದ್ದಾನೆ?"

"ಆಸ್ಪತ್ರೆಗೆ ಹೋದ ದಿನದಿಂದ."

ಅಮ್ಮ ಬಟಾಣಿ ಬುಟ್ಟಿ ಕೆಳಗಿಟ್ಟಳು. "ವರ್ಷ ಆಯ್ತು. ಚಳಿ ಆಗಲ್ವೇನೇ ಮಗೂಗೆ? ಒಳಗೆ ಕರ್ಕೊಂಡು ಹೋಗು."

"ಒಳಗೆ ಹೋದ್ರೆ ಅವನು ಆಡಿದ್ದು ಏನೂ ಉಳಿಯಲ್ಲ ಅಮ್ಮ. ಇದೇ ಕೊನೇದು."

"ಉಳಿಸ್ಕೊಳ್ಳೋದು ಅಂದ್ರೆ ಹೊರಗೆ ನಿಲ್ಲಿಸೋದಾ?"

ಅಕ್ಕ ಗುಂಡಿ ಮುಟ್ಟದೆ ಕಾದಳು. ಆಟದ ನೋಟ ಮೆಲ್ಲಗೆ ಸುತ್ತು ತಿರುಗಿತು. ಹಿಮ ಹತ್ತಿದ ಕಿವಿ, ಕೆನ್ನೆ, ತಾನೇ ತಿದ್ದಿದ ಆ ಗಲ್ಲ. ಅವನು ನೋಡಿದ. ಈ ಸಲ ಅವಳು ಕಣ್ಣು ತಪ್ಪಿಸಲಿಲ್ಲ. "ಬಾರೋ," ಎಂದು ಗುಂಡಿ ಒತ್ತಿದಳು.

ಬಾಗಿಲು ತೆರೆಯಿತು. ಮೂಲೆಯಲ್ಲಿ ಬಿಳಿಯ ಚಕ್ರ ತಿರುಗಿ ತಿರುಗಿ ಮಾಯವಾಯಿತು. ಒಳಗೆ ಬೆಂಕಿ ಉರಿಯುತ್ತಿತ್ತು, ಕುರ್ಚಿಯೊಂದಿತ್ತು, ಮತ್ತೆ ನೆಲದ ತುಂಬ, ಮೇಜಿನ ತುಂಬ, ಮಂಚದ ಮೇಲೂ ರಾಶಿ ರಾಶಿ ಎಲೆಕೋಸು. ಅವನು ಕಾಲಿಟ್ಟ ಕೂಡಲೇ ಒಂದೆರಡು ಉರುಳಿದವು.

"ಇಷ್ಟೊಂದಾ!" ಎಂದಳು ಅಮ್ಮ. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗುವಂತಿರಲಿಲ್ಲ. ಅಕ್ಕ ಅವನನ್ನು ಬೆಂಕಿಯ ಮುಂದೆ ಕೂರಿಸಿದಳು. ಭುಜದ ಮೇಲಿನ ಹಿಮ ಕರಗುವವರೆಗೆ ಇಬ್ಬರೂ ನೋಡಿದರು. ಆಮೇಲೆ ಅವಳು ಎದ್ದು ಪ್ಲಗ್ಗು ಕಿತ್ತಳು. ಫ್ಯಾನು ಗುಂಯ್ ಎಂದು ನಿಟ್ಟುಸಿರು ಬಿಟ್ಟಿತು. ಕಿತ್ತಳೆ ದೀಪ ಆರಿತು.

"ಮಲಗಿದ ನೋಡು," ಎಂದಳು ಅಮ್ಮ. ನಾಲಿಗೆ ಕಚ್ಚಿಕೊಳ್ಳಲಿಲ್ಲ.

ಗೋಪುರದ ಮೆಟ್ಟಿಲಿನ ಇನ್ನೊಂದು ಸೇವ್ ಹಾಗೇ ಇದೆ. ಅದನ್ನು ಅಕ್ಕ ಆಮೇಲೆ ತೆರೆದಿಲ್ಲ, ತೆರೆಯುವುದೂ ಇಲ್ಲ. ಆದರೆ ಲ್ಯಾಬಿನಲ್ಲಿ ಯಾರದೋ ಬಾಯಿಯ ಅಚ್ಚಿಗೆ ಪ್ಲಾಸ್ಟರು ಸುರಿದು ಅದು ಗಟ್ಟಿಯಾಗಲು ಕಾಯುವಾಗ, ಕೆಲವೊಮ್ಮೆ ಎಲ್ಲೋ ಮೇಲುಗಡೆ ಗಡಿಯಾರವೊಂದು ಟಿಕ್ ಟಿಕ್ ಎನ್ನುವುದು ಅವಳಿಗೆ ಕೇಳುತ್ತದೆ. ಲ್ಯಾಬಿನಲ್ಲಿ ಗಡಿಯಾರವಿಲ್ಲ. ಆಗ ಅವಳು ಕಾಲು ಕದಲಿಸದೆ ನಿಲ್ಲುತ್ತಾಳೆ. ಕೈ ತೊಳೆಯಲು ಹೋಗಬೇಕಾದ ಬಾಗಿಲು ಎದುರಿಗೇ ಇರುತ್ತದೆ, ಹತ್ತು ಹೆಜ್ಜೆ. ಯಾರೋ ಇನ್ನೂ ತನ್ನನ್ನು ಬೆಳೆಸುತ್ತಿದ್ದಾನೆ, ಸರದಿ ಕಾಯುತ್ತಿದ್ದಾನೆ, ಸಾಲದು, ಇನ್ನೊಂದಿಷ್ಟು, ಎನ್ನುತ್ತಿದ್ದಾನೆ.