ಏಳನೆಯ ಕಾಜ

ನನ್ನ ಬೀರುವಿನಲ್ಲಿ ಒಂದು ತಿಳಿನೀಲಿ ಅಂಗಿ ಇದೆ. ಅದಕ್ಕೆ ಏಳು ಗುಂಡಿ, ಏಳು ಕಾಜ. ಕಾಜವೆಂದರೆ ಗುಂಡಿ ತೂರಿಸಲು ಬಟ್ಟೆಯನ್ನು ಸೀಳಿ, ಅಂಚು ಬಿಚ್ಚಿಕೊಳ್ಳದಂತೆ ಸುತ್ತಲೂ ದಾರದಿಂದ ಬಿಗಿಯುವ ಹೊಲಿಗೆ. ಈ ಅಂಗಿಯ ಕುತ್ತಿಗೆಯ ಬಳಿಯ ಕಾಜ ಎಷ್ಟು ಅಚ್ಚುಕಟ್ಟೆಂದರೆ ಅದನ್ನು ಕೈಯಲ್ಲಿ ಹೊಲಿದದ್ದೆಂದು ಯಾರೂ ನಂಬುವುದಿಲ್ಲ. ಹೊಟ್ಟೆಯ ಬಳಿಯ ಕೊನೆಯದೋ ಬಾಯಿ ಬಿಟ್ಟುಕೊಂಡಿದೆ. ಹಾಕಿದ ಗುಂಡಿ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಜಾರಿ ಹೊರಬರುತ್ತದೆ. ಅದನ್ನು ಸರಿ ಮಾಡಿಸಬಾರದೇ ಎಂದು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದಾರೆ. ನಾನು ಕಿವಿಗೆ ಹಾಕಿಕೊಂಡಿಲ್ಲ.

ಆ ಅಂಗಿ ಕೈಗೆ ಬಂದ ಕಾಲಕ್ಕೆ ನಾನು ಮೊಬೈಲಿಗೆ ಆ್ಯಪ್ ಮಾಡಿಕೊಡುವ ಕೆಲಸದಲ್ಲಿದ್ದೆ. ಕೆಲಸಕ್ಕಿಂತ ಜಂಬವೇ ಒಂದು ತೂಕ ಹೆಚ್ಚಿತ್ತು ಅನ್ನಿ. ಒಂದು ದಿನ ನಮ್ಮೂರಿನ ನರರೋಗದ ಡಾಕ್ಟರು ಸರ್ವೋತ್ತಮ ಅವರು ಹೇಳಿ ಕಳಿಸಿದರು. ಅವರ ಬಳಿ ಅಪರೂಪದ ಕಾಯಿಲೆಯ ಹನ್ನೊಂದು ಜನ ರೋಗಿಗಳಿದ್ದರು. ಕಾಯಿಲೆಯ ಹೆಸರು ಅರ್ಧ ಸಾಲು ಉದ್ದ. ನನ್ನ ನಾಲಿಗೆಗೆ ಅದು ಕೊನೆಯವರೆಗೂ ಹತ್ತಲಿಲ್ಲ. ಬೆಳಿಗ್ಗೆ ಎದ್ದಾಗ ಮೈಯಲ್ಲಿ ಬಲವಿರುತ್ತದೆ. ಕೈ ಆಡಿಸಿದಷ್ಟೂ, ಮಾತಾಡಿದಷ್ಟೂ ಆ ಬಲ ಇಳಿಯುತ್ತ ಹೋಗುತ್ತದೆ. ಸುಮ್ಮನೆ ಕೂತರೆ ಮತ್ತೆ ಬರುತ್ತದೆ. ವಿಪರೀತಕ್ಕೆ ಹೋದರೆ ಅನ್ನ ನುಂಗುವುದಕ್ಕೂ ಉಸಿರೆಳೆಯುವುದಕ್ಕೂ ಬಲ ಸಾಲದು.

"ನನ್ನ ಪೇಚಾಟ ಏನು ಗೊತ್ತೇನ್ರಿ?" ಎಂದರು ಡಾಕ್ಟರು. "ಇವರು ಬಂದು ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಕಾದು ಕೂತಿರ್ತಾರೆ. ಕೂತಿದ್ದಕ್ಕೇ ಬಲ ಬಂದಿರುತ್ತೆ. ಒಳಗೆ ಬಂದ ಮೇಲೆ ಕೈ ಎತ್ತಿ ಅಂದ್ರೆ ಸಲೀಸಾಗಿ ಎತ್ತಿಬಿಡ್ತಾರೆ. ಮನೇಲಿ ಏನಾಗ್ತಿದೆ ಅನ್ನೋದು ನನಗೆ ದಿನಾ ಗೊತ್ತಾಗಬೇಕು."

ಹೊಸದೊಂದು ಔಷಧ ಬಂದಿತ್ತು. ಅದನ್ನು ಯಾರಿಗೆ ಕೊಡಬೇಕೆಂದು ತಜ್ಞರ ಸಮಿತಿಯೊಂದು ಮೂರು ತಿಂಗಳ ದಾಖಲೆ ನೋಡಿ ತೀರ್ಮಾನಿಸುವುದಿತ್ತು. ದಾಖಲೆಯಲ್ಲಿ ಕಾಯಿಲೆ ಕಾಣಿಸಿದವರಿಗೆ ಔಷಧ, ಕಾಣಿಸದವರಿಗೆ ಇಲ್ಲ. ಆ ದಾಖಲೆಯೇ ನನ್ನ ಆ್ಯಪ್.

ನಾನು ಹುಚ್ಚು ಹಿಡಿದವನ ಹಾಗೆ ದುಡಿದೆ. ಬೆಳಿಗ್ಗೆ ಎಂಟಕ್ಕೆ ಫೋನಿನಲ್ಲಿ ಮೆಲ್ಲಗೆ ಗಂಟೆ ಬಾರಿಸುವುದು, "ಇವತ್ತು ಹೇಗಿದ್ದೀರಿ?" ಎಂದು ಕೇಳುವುದು, ಕೆಳಗೆ ಐದು ಮುಖಗಳು. ಹಸಿರು ಬಣ್ಣದ ನಗುಮುಖದಿಂದ ಕೆಂಪು ಬಣ್ಣದ ಅಳುಮುಖದವರೆಗೆ. ಓದು ಬಾರದವರೂ ಒತ್ತಬಹುದಿತ್ತು. ಆ ಹಸಿರು ನಗುವನ್ನು ತಿದ್ದುವುದಕ್ಕೇ ಎರಡು ದಿನ ಕಳೆದಿದ್ದೆ.

ಹತ್ತು ಜನರಿಗೆ ಕಲಿಸಿಕೊಟ್ಟು ಕೊನೆಗೆ ಹನ್ನೊಂದನೆಯ ರೋಗಿ ಯಮುನಾಬಾಯಿಯವರಲ್ಲಿಗೆ ಹೋದೆ. ಪೇಟೆಯ ಹಿಂದಿನ ಓಣಿಯಲ್ಲಿ ಅವರ ಗಂಡ ತುಕಾರಾಮಪ್ಪನವರ ಹೊಲಿಗೆ ಅಂಗಡಿ. ಗಂಡ ಮಿಷನ್ನಿನ ಮುಂದೆ, ಹೆಂಡತಿ ಪಕ್ಕದ ಮಣೆಯ ಮೇಲೆ. ಆತ ಹೊಲಿದದ್ದಕ್ಕೆ ಈಕೆ ಕಾಜ ಹಾಕುವುದು, ನಲವತ್ತು ವರ್ಷದಿಂದ. ಅವರ ಕಾಜಕ್ಕಾಗಿಯೇ ಆ ಅಂಗಡಿಗೆ ಬಟ್ಟೆ ಕೊಡುವವರಿದ್ದರು.

"ಇಷ್ಟೇನಾ? ಮುಖ ಒತ್ತೋದು ತಾನೇ?" ಎಂದು ನಕ್ಕರು. ಆಮೇಲೆ ನನ್ನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಮುಖ ಸಿಂಡರಿಸಿದರು. "ಇದ್ಯಾವ ಪುಣ್ಯಾತ್ಮ ಹೊಲಿದಿದ್ದು? ರೀ, ಈ ಹುಡುಗನ ಅಳತೆ ತಗೊಳ್ರಿ. ನಂದೊಂದು ಅಂಗಿ ಇರಲಿ ಇವನಿಗೆ."

ತುಕಾರಾಮಪ್ಪ ಮಾತಿನ ಮನುಷ್ಯರಲ್ಲ. ಎದ್ದು ಬಂದು ಟೇಪು ಹಿಡಿದರು, ಅಷ್ಟೆ.

ದಿನಗಳು ಉರುಳಿದವು. ನಾನು ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ ಕಂಪ್ಯೂಟರಿನ ಪರದೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಸಾಲಿನಂತೆ ಬಂದ ಉತ್ತರ ನೋಡುತ್ತಿದ್ದೆ. ಯಮುನಾಬಾಯಿಯವರ ಸಾಲು ಪೂರ್ತಿ ಹಸಿರು. ಎಂಟು ಗಂಟೆಗೆ ಗಂಟೆ ಬಾರಿಸಿದರೆ ಒಂದೇ ನಿಮಿಷದಲ್ಲಿ ನಗುಮುಖ. ಒಂದು ದಿನವೂ ತಪ್ಪಿದ್ದಿಲ್ಲ. ನನಗೋ ಹಿಗ್ಗೋ ಹಿಗ್ಗು.

ಎಂಬತ್ತೊಂದನೆಯ ದಿನ ಡಾಕ್ಟರು ಕರೆದರು. ಅವರ ಮುಖ ಕಪ್ಪಿಟ್ಟಿತ್ತು. "ಮುಂದಿನ ಸೋಮವಾರ ಸಮಿತಿ ಕೂಡುತ್ತೆ. ಯಮುನಾಬಾಯಿಯವರ ದಾಖಲೆ ನೋಡಿದ್ರೆ ಆಕೆ ನನಗಿಂತ ಗಟ್ಟಿಯಾಗಿದಾರೆ. ಹೋದ ಗುರುವಾರ ಸಂಜೆ ತುತ್ತು ಗಂಟಲಲ್ಲಿ ಸಿಕ್ಕಿ ಉಸಿರು ನಿಂತುಹೋಗೋ ಹಾಗಾಗಿ ಇಲ್ಲಿಗೆ ಹೊತ್ತು ತಂದಿದ್ರು. ಮಾರನೇ ದಿನ ನಿಮ್ಮ ಆ್ಯಪಿನಲ್ಲಿ ನಗುಮುಖ! ಇನ್ನೊಂದು ಸಲ ಹಾಗಾದ್ರೆ ಆ ಜೀವ ಉಳಿಯೋದು ಕಷ್ಟ ಕಣ್ರಿ. ಈ ಔಷಧ ಆಕೆಗೆ ಸಿಗಲೇಬೇಕು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಮೇಲಲ್ಲ, ಆಕೆಯ ಮೇಲೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ನೆಟ್ಟಗೆ ಓಣಿಗೆ ಹೋದವನೇ ಚಪ್ಪಲಿ ಬಿಡುವ ಮೊದಲೇ ಕೇಳಿದೆ: "ಅಮ್ಮಾ, ಯಾಕೆ ಸುಳ್ಳು ಒತ್ತಿದ್ರಿ?"

ಮಧ್ಯಾಹ್ನ ಇಳಿಯುತ್ತಿತ್ತು. ಯಮುನಾಬಾಯಿಯವರ ಎಡಗಣ್ಣಿನ ರೆಪ್ಪೆ ಅರ್ಧ ಮುಚ್ಚಿಕೊಂಡಿತ್ತು. ಮಾತು ಸಣ್ಣಗೆ ಬರುತ್ತಿತ್ತು. "ಸುಳ್ಳಲ್ಲ ಕಣಪ್ಪಾ. ಬೆಳಬೆಳಿಗ್ಗೆ ಬಂದು ಹೇಗಿದೀರಿ ಅಂತ ಕೇಳಿದ್ರೆ ಯಾರಾದ್ರೂ ಅಳು ಮೋರೆ ತೋರಿಸ್ತಾರಾ? ಮನೆಗೆ ಬಂದೋರು ಕೇಳ್ತಾರೆ, ನಾವು ಆರಾಮ ಅಂತೀವಿ. ಕೂತು ನೀರು ಕುಡೀತಾರೆ, ಚಾ ಕುಡೀತಾರೆ. ಆಮೇಲೆ 'ಮತ್ತೆ, ಹೇಳ್ರಿ' ಅಂತಾರಲ್ಲ, ಆಗ ಕಷ್ಟ ಸುಖ ಬರುತ್ತೆ ಬಾಯಿಗೆ. ನಿನ್ನ ಫೋನು ಎರಡನೇ ಸಲ ಕೇಳಲೇ ಇಲ್ವಲ್ಲೋ."

ನಾನೂ ಇದೇ ಊರಿನಲ್ಲಿ ಹುಟ್ಟಿ ಬೆಳೆದವನು. ದಿನಕ್ಕೆ ಹತ್ತು ಸಲ ಆರಾಮ ಎಂದು ಹೇಳಿದವನು. ನನ್ನ ಬುದ್ಧಿಗೆ ಏನಾಗಿತ್ತು?

"ಅಲ್ಲದೆ, ಅದನ್ನ ನೀನು ನೋಡ್ತೀಯ ಅಂತ ಗೊತ್ತಿತ್ತು" ಎಂದರು ಅವರು ಇನ್ನೂ ಮೆಲ್ಲಗೆ. "ಬೆಳಿಗ್ಗೆ ಎದ್ದು ನನ್ನ ಅಳುಮುಖ ನೋಡಿ ನೀನ್ಯಾಕೆ ಬೇಜಾರು ಮಾಡ್ಕೋಬೇಕು?"

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಅವರ ಮಡಿಲಲ್ಲಿ ತಿಳಿನೀಲಿ ಬಟ್ಟೆಯಿತ್ತು. "ನಿಂದೇ ಇದು, ಈಗ ಸರದಿ ಬಂತು. ಊಟ ಆದ ಮೇಲೆ ಕೂತು ಒಂದೇ ಸಮನೆ ಏಳೂ ಹಾಕಿದೆ. ಇವತ್ತು ಕೊಡಲ್ಲ. ಕೆಳಗಿನವು ಕೆಟ್ಟಿದಾವೆ, ನಾಳೆ ಬೆಳಿಗ್ಗೆ ಬಿಚ್ಚಿ ಮತ್ತೆ ಹಾಕ್ತೀನಿ."

"ದಿನಾ ಹೀಗೇ ಬಿಚ್ತೀರಾ?"

"ಮತ್ತೆ? ಗಿರಾಕಿಗೆ ಅದನ್ನೇ ಕೊಡೋಕಾಗುತ್ತಾ?"

ನಾನು ಅಂಗಿಯನ್ನು ಕೈಗೆತ್ತಿಕೊಂಡೆ. ಮೊದಲ ಎರಡು ಕಾಜ ಮುತ್ತಿನಂತಿದ್ದವು. ಮೂರನೆಯದರಲ್ಲಿ ಒಂದೆರಡು ಎಳೆ ದೂರ ಸರಿದಿದ್ದವು. ನಾಲ್ಕನೆಯದು ಸೊಟ್ಟ. ಐದರಲ್ಲಿ ದಾರ ಸಡಿಲ. ಆರು, ಏಳು ಬರುವಷ್ಟರಲ್ಲಿ ಸೂಜಿ ಎಲ್ಲಿ ಇಳಿಯಬೇಕೋ ಅಲ್ಲಿ ಇಳಿದೇ ಇರಲಿಲ್ಲ. ನಾನು ಎಂಬತ್ತೊಂದು ದಿನದಲ್ಲಿ ಹಿಡಿಯಲಾರದ ಕಾಯಿಲೆ ಈ ಎರಡು ಗಂಟೆಯ ಕೆಲಸದಲ್ಲಿ ಮೇಲಿನಿಂದ ಕೆಳಗೆ ಬರೆದಿಟ್ಟಂತಿತ್ತು. ಆಕೆ ಮಾತ್ರ ದಿನಾ ಬೆಳಿಗ್ಗೆ ಅದನ್ನು ಬಿಚ್ಚಿ ಅಳಿಸಿಹಾಕುತ್ತಿದ್ದರು.

"ಬಿಚ್ಚಬೇಡಿ ಅಮ್ಮಾ! ಇದನ್ನು ಸಮಿತಿಗೆ ತೋರಿಸೋಣ."

ಅವರು ಅಂಗಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು. ಅಷ್ಟು ಬಲ ಎಲ್ಲಿಂದ ಬಂತೋ! "ಸಾಧ್ಯ ಇಲ್ಲ. ನಲವತ್ತು ವರ್ಷ ದುಡಿದ ಕೈ ಇದು. ನಾಲ್ಕು ಜನ ದೊಡ್ಡೋರು ಕೂತು ಇದನ್ನ ನೋಡಿ, ಯಮುನಾಬಾಯಿ ಕಾಜ ಇದು ಅನ್ನಬೇಕಾ? ಔಷಧ ಇಲ್ಲದಿದ್ರೆ ಬೇಡ ಬಿಡು."

ಅದುವರೆಗೂ ಕಟಕಟ ಎನ್ನುತ್ತಿದ್ದ ಮಿಷನ್ನು ನಿಂತಿತು. ತುಕಾರಾಮಪ್ಪ ತಲೆ ಎತ್ತದೆ ಮಾತಾಡಿದರು. "ದಿನಾ ಬೆಳಿಗ್ಗೆ ನೀನು ಕದ್ದು ಬಿಚ್ಚೋದನ್ನ ನೋಡಿದೀನಿ, ಯಮುನಾ. ಗೊತ್ತಿಲ್ಲದೋನ ಹಾಗೆ ಮಿಷನ್ ತುಳಿದಿದೀನಿ. ಗುರುವಾರ ನಿನ್ನ ಬಾಯಿಂದ ಆ ತುತ್ತು ತೆಗೆದದ್ದು ಈ ಬೆರಳು. ನೀನಿಲ್ಲದೆ ನಾನು ಹೊಲಿದ ಅಂಗಿಗೆ ಕಾಜ ಹಾಕೋರು ಯಾರು? ಕೊಡು ಅದನ್ನ."

ಯಮುನಾಬಾಯಿ ಅಂಗಿಯನ್ನು ಮಡಿಲಿಗೆ ಒತ್ತಿಕೊಂಡರು. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಲಾಗಲಿಲ್ಲ. ಗಂಡನೇ ಎದ್ದು ಬಂದು ಹೆಗಲ ಮೇಲಿದ್ದ ಟವೆಲಿನಿಂದ ಒರೆಸಿದರು. ಕೊನೆಗೆ ಆಕೆ ಅಂಗಿಯನ್ನು ಮಡಚಿ ನನ್ನ ಕಡೆ ತಳ್ಳಿದರು.

"ಕೊನೇದೊಂದನ್ನೇ ತೋರಿಸಬೇಡಪ್ಪಾ. ಮೊದಲನೇದರಿಂದ ಶುರು ಮಾಡು."

ಸೋಮವಾರ ನಾನು ಹಾಗೇ ಮಾಡಿದೆ. ಮೇಜಿನ ಮೇಲೆ ಅಂಗಿ ಹರವಿ, ಕುತ್ತಿಗೆಯಿಂದ ಶುರು ಮಾಡಿ, ಇದು ಇಂಥವರ ಕೈ, ಒಂದೇ ಸಮನೆ ಕೂತು ಹಾಕಿದ್ದು ಎಂದಷ್ಟೇ ಹೇಳಿದೆ. ಸಮಿತಿಯ ಹಿರಿಯ ಡಾಕ್ಟರೊಬ್ಬರು ಕನ್ನಡಕ ಏರಿಸಿಕೊಂಡು ಮೊದಲ ಕಾಜದ ಮೇಲೆ ಬೆರಳಾಡಿಸಿ "ಆಹಾ" ಎಂದರು. ಬೆರಳು ಕೆಳಗಿಳಿಯುತ್ತ ಬಂತು. ಏಳನೆಯದರ ಬಳಿ ನಿಂತಿತು. ಯಮುನಾಬಾಯಿಯವರಿಗೆ ಔಷಧ ಮಂಜೂರಾಯಿತು. ಮುಖ ಒತ್ತಿದ್ದನ್ನು ನಂಬಲಾಗದೆಂದು ಉಳಿದ ಹತ್ತು ಜನರ ದಾಖಲೆಯನ್ನು ಹೊಸದಾಗಿ ತೆಗೆದುಕೊಳ್ಳಲು ಇನ್ನೂ ಮೂರು ತಿಂಗಳು ಸಮಯ ಕೊಟ್ಟರು.

ಆ್ಯಪನ್ನು ನಾನು ಬುಡದಿಂದ ಮತ್ತೆ ಕಟ್ಟಿದೆ. ಬೆಳಿಗ್ಗೆ ಹೇಗಿದ್ದೀರಿ ಎಂದು ಅದು ಈಗಲೂ ಕೇಳುತ್ತದೆ, ಎಲ್ಲರೂ ಆರಾಮ ಎನ್ನುತ್ತಾರೆ. ಅದು ಬರಿಯ ಮರ್ಯಾದೆಗೆ. ಸಂಜೆ ಇನ್ನೊಂದು ಸಲ ಗಂಟೆ ಬಾರಿಸಿ "ಮತ್ತೆ, ಹೇಳಿ" ಎನ್ನುತ್ತದೆ. ರೊಟ್ಟಿ ತಟ್ಟುವವರಿಗೆ ಎಷ್ಟನೇ ರೊಟ್ಟಿಗೆ ಕೈ ಸೋತಿತು ಎಂದು, ಪಾಠ ಮಾಡುವವರಿಗೆ ಎಷ್ಟು ಹೊತ್ತಿಗೆ ದನಿ ಇಳಿಯಿತು ಎಂದು ಕೇಳುತ್ತದೆ. ಹಸಿರು ನಗುಮುಖವನ್ನು ಕಿತ್ತೆಸೆದೆ.

ಎಂಟು ತಿಂಗಳಾದ ಮೇಲೆ ಒಂದು ಸಂಜೆ ಆ ನೀಲಿ ಅಂಗಿ ತೊಟ್ಟು ಓಣಿಗೆ ಹೋದೆ. ಯಮುನಾಬಾಯಿ ಮಣೆಯ ಮೇಲೆ ಕೂತಿದ್ದರು.

"ಹೇಗಿದೀರಿ ಅಮ್ಮಾ?"

"ಆರಾಮ."

ಕೂತೆ. ತುಕಾರಾಮಪ್ಪ ಚಾ ತರಿಸಿದರು. ಕುಡಿದು ಲೋಟ ಕೆಳಗಿಟ್ಟು ಕೇಳಿದೆ: "ಮತ್ತೆ, ಹೇಳಿ."

ಅವರು ಜೋರಾಗಿ ನಕ್ಕರು. ಎರಡೂ ಕಣ್ಣು ಪೂರ್ತಿ ತೆರೆದಿದ್ದವು. "ಈಗಲೂ ಆರಾಮ ಕಣೋ. ಏನು ಮಾಡ್ಲಿ?" ಎಂದವರ ದೃಷ್ಟಿ ನನ್ನ ಹೊಟ್ಟೆಯ ಮೇಲೆ ಬಿತ್ತು. ಕೊನೆಯ ಗುಂಡಿ ಎಂದಿನಂತೆ ಜಾರಿತ್ತು. "ಅಯ್ಯೋ, ಇದನ್ನ ಹಾಗೇ ಹಾಕ್ಕೊಂಡು ಊರೆಲ್ಲ ಸುತ್ತಿದೀಯಾ? ಬಿಚ್ಚು, ಸರಿ ಮಾಡ್ಕೊಡ್ತೀನಿ."

"ಇದೊಂದು ಇರಲಿ ಬಿಡಿ ಅಮ್ಮಾ."

ಅವರು ನನ್ನ ಮುಖವನ್ನೇ ನೋಡಿದರು, ಒತ್ತಾಯ ಮಾಡಲಿಲ್ಲ. "ಬಾ ಇಲ್ಲಿ" ಎಂದು ಹತ್ತಿರ ಎಳೆದುಕೊಂಡರು. ಹೊರಗೆ ಓಣಿಯ ದೀಪ ಹತ್ತಿತ್ತು. ಬೆಳಿಗ್ಗೆಯಿಂದ ಕೆಲಸ ಮಾಡಿದ್ದ ಆ ಎರಡು ಬೆರಳುಗಳು ಗುಂಡಿಯನ್ನು ಹಿಡಿದು, ಬಾಯಿ ಬಿಟ್ಟ ಏಳನೆಯ ಕಾಜದೊಳಗೆ ತೂರಿಸಿ, ಅದು ಮತ್ತೆ ಜಾರದಂತೆ ಸ್ವಲ್ಪ ಹೊತ್ತು ಹಾಗೇ ಒತ್ತಿ ಹಿಡಿದಿದ್ದವು.