ಏಳನೇ ಮೆಟ್ಟಿಲ ತನಕ

ಬೇಸಿಗೆ ಕಾಲಿಟ್ಟು ಎರಡು ವಾರವಾಗಿತ್ತು. ಮಧ್ಯಾಹ್ನದ ಊಟ ಇಳಿದು ಬೀದಿಯೆಲ್ಲ ತೂಕಡಿಸುವ ಹೊತ್ತು. ಗಂಟೆ ಮೂರು ಕಳೆದಿರಬಹುದು, ಮೊದಲನೆಯ ಆರ್ಕಿಟೆಕ್ಟ್ ಬಂದ. ಶುರುವಾದದ್ದು ಅಲ್ಲಿಂದ.

ಕೆಳಗೆ ಪುಸ್ತಕ ಕಟ್ಟುವ ಅಂಗಡಿ, ಮೇಲೆ ಮನೆ. ನಡುವೆ ಹದಿನಾಲ್ಕು ಮರದ ಮೆಟ್ಟಿಲು. ಒಬ್ಬರು ಇಳಿದರೆ ಇನ್ನೊಬ್ಬರು ಗೋಡೆಗೆ ಅಂಟಿ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಮಗನಿಗೆ ಕೈತುಂಬ ಕೆಲಸ ಬರುತ್ತಿತ್ತು, ಹೊಸ ಯಂತ್ರ ಇಡಲು ಜಾಗವಿರಲಿಲ್ಲ. ಹಳೆಯದನ್ನು ಕೆಡವಿ ಮೂರು ಅಂತಸ್ತು ಎಬ್ಬಿಸೋಣ ಎಂದು ಎರಡು ವರ್ಷದಿಂದ ತಾಯಿಯ ಬೆನ್ನು ಬಿದ್ದಿದ್ದ. ಮನೆ ತಾಯಿಯ ಹೆಸರಿನಲ್ಲಿತ್ತು. ಆಕೆಯನ್ನು ಬೀದಿಯವರು ಹೊಲಿಗೆಯಜ್ಜಿ ಎನ್ನುತ್ತಿದ್ದರು. ಬಟ್ಟೆ ಹೊಲಿದವಳಲ್ಲ, ನಲವತ್ತೈದು ವರ್ಷ ಮೆಟ್ಟಿಲ ಬುಡದಲ್ಲಿ ಕೂತು ಪುಸ್ತಕದ ಹಾಳೆ ಹೊಲಿದವಳು.

“ಕೆಡವು,” ಎಂದಿದ್ದಳು ಕೊನೆಗೆ. “ಆದರೆ ಪ್ಲಾನ್ ಹಾಕೋರು ಯಾರು ಅಂತ ನಾನು ಹೇಳ್ತೀನಿ.”

ಕಾರಣವನ್ನು ಯಾರೆದುರೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಅವಳ ಯಜಮಾನರು ಹತ್ತೊಂಬತ್ತು ವರ್ಷದ ಹಿಂದೆ ಆ ಮೆಟ್ಟಿಲಲ್ಲೇ ಬಿದ್ದು ತೀರಿಕೊಂಡಿದ್ದರು. ಲಕ್ವ ಹೊಡೆದು ಎಡಗೈ ಸೋತಿತ್ತು, ಎಡಗಾಲನ್ನು ಎಳೆದು ನಡೆಯುತ್ತಿದ್ದರು. ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸು ಎಂದು ವರ್ಷವಿಡೀ ಕೇಳಿದ್ದರು. ಕಾಗದದ ಹೊರೆ ಹೊತ್ತವರಿಗೆ ಅಡ್ಡವಾಗುತ್ತದೆ, ಮುಂದಿನ ತಿಂಗಳು ನೋಡೋಣ ಎಂದು ಇವಳು ತಳ್ಳುತ್ತ ಬಂದಳು. ಒಂದು ದಿನ ನಾಲ್ಕು ಗಂಟೆಗೆ, ನಿದ್ದೆ ಮುಗಿಸಿ ಅಂಗಡಿಗೆ ಇಳಿಯುವಾಗ, ಎಂಟನೆಯ ಮೆಟ್ಟಿಲಲ್ಲಿ ಕಾಲು ತಪ್ಪಿತು.

ತಿಂಗಳು ತುಂಬುವ ಮೊದಲೇ ಸದ್ದು ಶುರುವಾಯಿತು. ದಿನಾ ನಾಲ್ಕಕ್ಕೆ. ಒಂದು ಗಟ್ಟಿ ಹೆಜ್ಜೆ, ಒಂದು ಎಳೆತ. ಮೇಲಿನಿಂದ ಏಳು ಮೆಟ್ಟಿಲು ಇಳಿದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿ ಹೋಗುತ್ತಿತ್ತು. ಕಾಗದ ಕತ್ತರಿಸುವ ಯಂತ್ರದ ಗದ್ದಲದಲ್ಲಿ ಬೇರೆಯವರ ಕಿವಿಗೆ ಬೀಳುತ್ತಿರಲಿಲ್ಲ. ಮೊದಮೊದಲು ಆಕೆ ಸೂಜಿ ಕೆಳಗಿಟ್ಟು ಬೀದಿಗೆ ಎದ್ದು ಹೋಗುತ್ತಿದ್ದಳು. ಎರಡು ವರ್ಷ ಕಳೆಯುವಷ್ಟರಲ್ಲಿ, ಐದು ನಿಮಿಷ ತಡವಾದರೆ ಜೀವ ಚಡಪಡಿಸತೊಡಗಿತು. ಹೊಸದಾಗಿ ಬಂದ ಸೊಸೆ, “ಅತ್ತೆ, ಇಲ್ಲಿಗೊಂದು ಕಂಬಿ ಹಾಕಿಸಿದ್ರೆ ಚೆನ್ನಾಗಿರತ್ತೆ,” ಎಂದಾಗ, “ಬೇಡ,” ಎಂದು ಬಾಯಿ ಮುಚ್ಚಿಸಿದ್ದಳು. ಯಾಕೆಂದು ತನ್ನನ್ನೇ ಕೇಳಿಕೊಂಡಿರಲಿಲ್ಲ.

ಈಗ ಅವಳಿಗೆ ಆ ಮೆಟ್ಟಿಲನ್ನು ಉಳಿಸುವ ಆರ್ಕಿಟೆಕ್ಟ್ ಬೇಕಿತ್ತು. ಮೆಟ್ಟಿಲು ಹೋದರೆ ಅವರು ಎಲ್ಲಿಗೆ ಬಂದಾರು?

ಮೊದಲನೆಯವನ ಬೂಟಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಕಂಪ್ಯೂಟರ್ ತೆರೆದು ಅಡಿಯಿಂದ ಮುಡಿಯವರೆಗೆ ಗಾಜಿನ ಕಟ್ಟಡ ತೋರಿಸಿದ. “ಈ ಮೆಟ್ಟಿಲು ಮೊದಲು ಕಿತ್ತು ಹಾಕ್ಬೇಕು. ಇಲ್ಲಿ ಲಿಫ್ಟ್ ಬರತ್ತೆ,” ಎಂದ. ಮಗನಿಗೆ ಅವನೇ ಹಿಡಿಸಿದ.

“ಅಷ್ಟು ಗಾಜು ಒರೆಸೋರು ಯಾರು?” ಎಂದಳು ಸೊಸೆ.

“ಇನ್ಯಾರು, ನೀನೇ.”

“ಹಾಗಾದ್ರೆ ನಂಗೆ ಈ ಹಳೇ ಮನೆಯೇ ಸಾಕಪ್ಪ.”

ಎರಡನೆಯವನು ಎಲ್ಲದಕ್ಕೂ ತಲೆಯಾಡಿಸಿದ. ಉಳಿಸಿ ಎಂದರೆ ಉಳಿಸೋಣ, ಕೆಡವಿ ಎಂದರೆ ಕೆಡವೋಣ. ಮೆಟ್ಟಿಲು ಹತ್ತಿಯೂ ನೋಡಲಿಲ್ಲ. “ಈತ ಮೇಸ್ತ್ರಿ ಗೋಡೆ ಸೊಟ್ಟಗೆ ಕಟ್ಟಿದ್ರೂ ಆಗ್ಲಿ ಅಂತಾನೆ,” ಎಂದು ಅಜ್ಜಿ ಅವನನ್ನೂ ಬಿಟ್ಟಳು.

ಮೂರನೆಯವಳು ಗಿಡ್ಡನೆಯ ಹೆಂಗಸು, ಕಿವಿಯ ಮೇಲೆ ಪೆನ್ಸಿಲು. ಸೊಸೆ ಆಗಲೇ ಪೆನ್ಸಿಲಮ್ಮ ಎಂದು ಹೆಸರಿಟ್ಟಳು. ಬೆಳಿಗ್ಗೆ ಬಂದವಳು ಮನೆಯೆಲ್ಲ ಅಳೆದಳು. ಆಮೇಲೆ ಮೆಟ್ಟಿಲ ಮೇಲೆ ಒಂದೊಂದಾಗಿ ಕೂತು, ಹಲಗೆ ಸವರುತ್ತ ಮೇಲಕ್ಕೆ ಹೋದಳು. ಇಳಿದು ಬಂದು ಕೇಳಿದಳು, “ಮನೇಲಿ ಎಡಗಾಲು ಎಳೆದು ನಡೆಯೋರು ಯಾರಮ್ಮ?”

“ಯಾರೂ ಇಲ್ಲ,” ಎಂದ ಮಗ.

“ಇದ್ದಾರೆ. ಮೇಲಿನ ಏಳು ಹಲಗೆ ಎಡಗಡೆ ಸವೆದಿವೆ, ನೋಡಿ. ಕೆಳಗಿನವು ಹಾಗಿಲ್ಲ. ಯಾರೋ ಏಳನೇದರ ತನಕ ಬಂದು ವಾಪಸ್ ಹೋಗ್ತಾರೆ.”

“ಅಯ್ಯೋ, ಅದು ನಮ್ಮಪ್ಪಂದು. ಅವರು ತೀರಿ ಹತ್ತೊಂಬತ್ತು ವರ್ಷ ಆಯ್ತು,” ಎಂದು ನಕ್ಕ ಮಗ, ಅರ್ಧಕ್ಕೇ ನಗು ನಿಲ್ಲಿಸಿದ. ಹಳೆಯ ಹಲಗೆಗಳನ್ನು ಗೆದ್ದಲು ತಿಂದದ್ದರಿಂದ ಹದಿನಾಲ್ಕನ್ನೂ ಹೊಸದಾಗಿ ಹಾಕಿಸಿ ಹತ್ತು ವರ್ಷವಷ್ಟೇ ಆಗಿತ್ತು. ಹಾಕಿಸಿದವನು ಅವನೇ.

“ಗೋಡೆಗೆ ಬಣ್ಣ ಯಾವಾಗ ಹೊಡೆಸಿದ್ದು?”

“ಹೋದ ವರ್ಷ,” ಎಂದಳು ಸೊಸೆ. ಏಳನೆಯ ಮೆಟ್ಟಿಲ ಪಕ್ಕ, ಇಳಿಯುವವರ ಬಲಗೈಗೆ ಎಟಕುವಲ್ಲಿ, ಅಂಗೈ ಅಗಲದ ಬಣ್ಣ ಉಜ್ಜಿ ಹೋಗಿತ್ತು.

“ಕೈ ಆಧಾರ ಹುಡುಕಿದೆ,” ಎಂದಳು ಪೆನ್ಸಿಲಮ್ಮ, ನಲ್ಲಿ ಸೋರುತ್ತಿದೆ ಎಂದು ಹೇಳುವವಳ ಹಾಗೆ. “ನಾನು ಒಪ್ಪಿಕೊಂಡ್ರೆ ಮೊದಲ ಕೆಲಸ ಇಲ್ಲಿಗೆ ಕಂಬಿ. ಹೊಸ ಮನೆಗಲ್ಲ, ಇದಕ್ಕೇ. ಮೆಟ್ಟಿಲು ಉಳಿಸೋ ಮಾತು ಆಮೇಲೆ. ಯಾರೋ ಇಳೀಬೇಕಾಗಿದೆ, ಇಳಿದು ಹೋಗ್ಲಿ.”

ಅಜ್ಜಿಯ ಮುಖ ಕೆಂಡವಾಯಿತು. “ಎದ್ದು ಹೋಗಮ್ಮ. ನಿನ್ನನ್ನ ಕರೆದದ್ದು ಮನೆ ಕಟ್ಟೋಕೆ, ಮನೆಯೋರನ್ನ ಹೊರಗೆ ಹಾಕೋಕಲ್ಲ.”

ಪೆನ್ಸಿಲಮ್ಮ ಅಳತೆಪಟ್ಟಿ ಸುತ್ತಿಕೊಂಡು ಹೋದಳು. “ಬೂಟಿನವನನ್ನೇ ಕರಿ,” ಎಂದು ಅಜ್ಜಿ ಮಗನನ್ನು ಕಳಿಸಿದಳು. ಹಟಕ್ಕೆ ಬಿದ್ದು ಆಡಿದ ಮಾತು. ಅವನು ಮೆಟ್ಟಿಲು ಕೀಳುವವನೆಂಬುದೂ ಆ ಸಿಟ್ಟಿನಲ್ಲಿ ಮರೆತಿತ್ತು.

ಮಗ ಹೊರಗೆ ಹೋದದ್ದರಿಂದ ಆ ಮಧ್ಯಾಹ್ನ ಯಂತ್ರ ನಿಂತಿತ್ತು. ನಾಲ್ಕಕ್ಕೆ ಹೆಜ್ಜೆ ಇಳಿಯಿತು. ಏಳನೆಯದರಲ್ಲಿ ನಿಂತಿತು. ಆಮೇಲೆ ಗೋಡೆಯ ಮೇಲೆ ಅಂಗೈ ಸವರುವ ಸದ್ದು. ಸರ್ರ್, ಸರ್ರ್. ಮೇಲಕ್ಕೆ, ಕೆಳಕ್ಕೆ, ಮುಂದಕ್ಕೆ. ಸಿಗದೆ ಮತ್ತೆ ಮೇಲಕ್ಕೆ. ಯಂತ್ರ ನಿಂತ ದಿನಗಳು ಹಿಂದೆಯೂ ಇದ್ದವು. ಅವಳು ಕಾಲಿಗಷ್ಟೇ ಕಿವಿ ಕೊಟ್ಟಿದ್ದಳು. ತನ್ನನ್ನು ನೋಡಲು ಬರುತ್ತಾರೆ, ನೋಡಿ ಹೋಗುತ್ತಾರೆ ಎಂದೇ ನಂಬಿದ್ದಳು. ಗೋಡೆಯ ಮೇಲಿನ ಕೈ ಸೋತು ನಿಂತಿತು. ಹೆಜ್ಜೆ ತಿರುಗಿ ಹತ್ತಿತು. ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮಗ ಬಂದೊಡನೆ ಹೇಳಿದಳು, “ಪೆನ್ಸಿಲಮ್ಮನೇ ಆಗ್ಲಿ. ಕಂಬಿ ಹಾಕಿಸು.”

“ಕೆಡವೋ ಮನೆಗೆ ಕಂಬಿಯೇನಮ್ಮ? ಬೀದಿಯೋರು ನಗ್ತಾರೆ.”

“ನಗ್ಲಿ. ಅವರ ಬಾಯಿ, ಅವರ ಹಲ್ಲು.”

ಬುಧವಾರ ವೆಲ್ಡಿಂಗಿನವನು ಬಂದ. ಎಷ್ಟು ಎತ್ತರಕ್ಕೆ ಎಂದು ಕೇಳಿದಾಗ ಪೆನ್ಸಿಲಮ್ಮ ಬಣ್ಣ ಹೋದ ಜಾಗವನ್ನು ತೋರಿಸಿದಳು. ಮೇಲಿನಿಂದ ಬುಡದ ತನಕ ಒಂದೇ ಕೊಳವೆ ಬಿಗಿದರು. ಆ ದಿನ ನಾಲ್ಕಕ್ಕೆ ಕೊರೆಯುವ ಗದ್ದಲದಲ್ಲಿ ಏನೂ ಕೇಳಲಿಲ್ಲ.

ಮರುದಿನ ಅಜ್ಜಿ ಮಗನಿಗೆ ಹೇಳಿ ಯಂತ್ರ ನಿಲ್ಲಿಸಿದಳು. ಮೆಟ್ಟಿಲ ಬುಡದಲ್ಲಿ ಕೂತು ಕಂಬಿಯ ತುದಿಗೆ ಅಂಗೈ ಇಟ್ಟಳು. ನಾಲ್ಕಾಯಿತು. ಹೆಜ್ಜೆ, ಎಳೆತ. ಏಳು. ನಿಂತಿತು. ಅಂಗೈ ಗೋಡೆ ಸವರಿತು, ಕಂಬಿಗೆ ತಾಗಿತು. ತಾಗಿದ್ದು ಅವಳ ಕೈಗೇ ಗೊತ್ತಾಯಿತು. ಕೊಳವೆ ಸಣ್ಣಗೆ ನಡುಗಿ, ಒಬ್ಬ ಮನುಷ್ಯನ ಭಾರ ಹೊತ್ತು ಬಿಗಿಯಾಯಿತು.

ಎಂಟು.

ಒಂಬತ್ತು, ಹತ್ತು. ತಣ್ಣಗಿನದೇನೋ ಹತ್ತಿರವಾಗುತ್ತ ಬಂತು. ಹದಿಮೂರರಲ್ಲಿ ನಿಂತಿತು, ಯಾಕೆಂದರೆ ದಾರಿಗೆ ಅಡ್ಡ ಕೂತವಳು ಅವಳು. ಏಳದಿದ್ದರೆ ಅವರು ದಾಟುವಂತಿರಲಿಲ್ಲ. ಅವಳು ತುಸು ಹೊತ್ತು ಏಳಲಿಲ್ಲ. ಅಡ್ಡ ಕೂತವಳನ್ನು ಸರಿಸಲು ಯಾವ ಕೈಯೂ ಬರಲಿಲ್ಲ. ಮೇಲೆ ಅವರು ಸುಮ್ಮನೆ ಕಾದರು, ಬದುಕಿದ್ದಾಗ ಕಾದ ಹಾಗೆಯೇ. ಆಗ ಅವಳು ಮಡಿಲ ಹಾಳೆಗಳನ್ನು ಒಟ್ಟುಮಾಡಿ, ಎದ್ದು, ಗೋಡೆಗೆ ಅಂಟಿ ನಿಂತಳು.

ನೆಲದ ತುಂಬ ಕತ್ತರಿಸಿದ ಕಾಗದದ ಚೂರು. ಅದರ ನಡುವೆ ಒಂದು ಹೆಜ್ಜೆ, ಒಂದು ಉದ್ದನೆಯ ಗೀರು, ಒಂದು ಹೆಜ್ಜೆ, ಒಂದು ಗೀರು, ಹೊಸ್ತಿಲ ತನಕ ತಾನಾಗಿಯೇ ಮೂಡುತ್ತ ಹೋಯಿತು. ಹೊರಗೆ ಬಿಸಿಲು ಸುಡುತ್ತಿತ್ತು.

ಯಂತ್ರದ ಪಕ್ಕ ನಿಂತ ಮಗನ ಮುಖದಲ್ಲಿ ರಕ್ತವಿರಲಿಲ್ಲ. “ಅಮ್ಮ, ಈಗ ಹೋದದ್ದು ಯಾರು?”

“ನಿಮ್ಮಪ್ಪ,” ಎಂದಳು. “ಇವತ್ತು ಗುರುವಾರ ತಾನೆ? ಗುರುವಾರ ಹೋದರು ಅಂತ ನೆನಪಿಟ್ಕೋ.”